ಸನ್ನದು ಹಡಗು ಹತ್ತಿದ ಮೇಲೆ

(ಒಬ್ಬರು ಇತಿಹಾಸ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬ ಅವರ ಹಳೆಯ ಶಿಷ್ಯ. ಹಾರ್ಡ್‌ವೇರ್ ಅಂಗಡಿಯ ಮಾಲೀಕ, ಊರಿನ ಸಹಕಾರ ಸಂಘದ ನಿರ್ದೇಶಕ.)

ಶಿಷ್ಯ: ಮೇಷ್ಟ್ರೇ, ಅಮೆರಿಕಕ್ಕೆ ಮೊದಲು ಹೋದ ಇಂಗ್ಲಿಷರು ತಮ್ಮ ಧರ್ಮ ಉಳಿಸಿಕೊಳ್ಳೋಕೆ ಹೋದರು ಅಂತ ಒಂದು ಪುಸ್ತಕ ಹೇಳುತ್ತೆ, ದುಡ್ಡು ಮಾಡೋಕೆ ಹೋದರು ಅಂತ ಇನ್ನೊಂದು. ನನ್ನ ಮಗ ಪರೀಕ್ಷೆಯಲ್ಲಿ ಯಾವುದು ಬರೆಯಬೇಕು?

ಮೇಷ್ಟ್ರು: ಎರಡನ್ನೂ ಬರೆಯಲಿ. ಜೊತೆಗೆ ಇನ್ನೊಂದು ವಾಕ್ಯ ಸೇರಿಸಲಿ: ಭಕ್ತರೂ ಹೋದದ್ದು ಕಂಪನಿ ಲೆಕ್ಕದಲ್ಲೇ, ವ್ಯಾಪಾರಿಗಳೂ ಹೋದದ್ದು ಕಂಪನಿ ಲೆಕ್ಕದಲ್ಲೇ.

ಶಿಷ್ಯ: ಕಂಪನಿ ಅಂದರೆ ನಮ್ಮ ಈಸ್ಟ್ ಇಂಡಿಯಾ ಕಂಪನಿ ಥರದ್ದೆ?

ಮೇಷ್ಟ್ರು: ಅದರ ದಾಯಾದಿಗಳು ಅಂತಲೇ ಹೇಳಬಹುದು. ಈಸ್ಟ್ ಇಂಡಿಯಾ ಕಂಪನಿಗೆ ಎಲಿಜಬೆತ್ ರಾಣಿಯ ಸನ್ನದು ಸಿಕ್ಕಿದ್ದು 1600ರ ಕೊನೆಯ ದಿನ. ಅದರ ಮೊದಲ ಗವರ್ನರ್ ಲಂಡನ್ನಿನ ವರ್ತಕ ಸರ್ ಥಾಮಸ್ ಸ್ಮೈಥ್. ಅದೇ ಮನುಷ್ಯ 1609ರಿಂದ 1619ರವರೆಗೆ ವರ್ಜೀನಿಯಾ ಕಂಪನಿಯ ಖಜಾಂಚಿ. ಹೆಸರಿಗೆ ಖಜಾಂಚಿ, ಕೆಲಸದಲ್ಲಿ ಯಜಮಾನ. ಸೂರತ್ತಿನ ಲೆಕ್ಕವನ್ನೂ ಅವನೇ ನೋಡುತ್ತಿದ್ದ, ಜೇಮ್ಸ್‌ಟೌನಿನ ಲೆಕ್ಕವನ್ನೂ ಅವನೇ ನೋಡುತ್ತಿದ್ದ. ಎರಡು ಕಡೆಗೂ ಷೇರು ಹಾಕಿದ್ದ ವರ್ತಕರು ಇನ್ನೂ ಹಲವರಿದ್ದರು.

ಶಿಷ್ಯ: ಹಾಗಾದರೆ ಊರು ಒಂದೇ, ವರ್ತಕರ ಕೂಟ ಒಂದೇ. ಅಲ್ಲಿ ಹೋದವರು ತಮ್ಮನ್ನು ತಾವೇ ಆಳಿಕೊಳ್ಳೋದು ಕಲಿತರು. ಇಲ್ಲಿಗೆ ಬಂದವರು ನಮ್ಮನ್ನು ಆಳಿದರು. ಹೀಗ್ಯಾಕಾಯಿತು?

ಮೇಷ್ಟ್ರು: ಪ್ರಜಾಪ್ರಭುತ್ವ ಅವರ ರಕ್ತದಲ್ಲೇ ಇತ್ತು ಅಂತ ಹೇಳುವವರಿದ್ದಾರೆ. ನಾನು ಒಪ್ಪಲ್ಲ. ಷೇರು ಯಾರ ಕೈಯಲ್ಲಿತ್ತು, ಸನ್ನದಿನ ಕಾಗದ ಸಮುದ್ರದ ಯಾವ ದಡದಲ್ಲಿತ್ತು, ಅದನ್ನು ನೋಡು. ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಶಿಷ್ಯ: ಇನ್ನರ್ಧ?

ಮೇಷ್ಟ್ರು: ಮೊಳೆ ವ್ಯಾಪಾರದಲ್ಲಿದೆ. ನಿನ್ನ ಕಸುಬಿನದೇ. ಅದಕ್ಕೆ ಆಮೇಲೆ ಬರ್ತೀನಿ, ಮೊದಲು ವರ್ಜೀನಿಯಾ ಮುಗಿಸೋಣ. 1607ರ ಮೇ ತಿಂಗಳಲ್ಲಿ ನೂರಕ್ಕಿಂತ ಸ್ವಲ್ಪ ಹೆಚ್ಚು ಗಂಡಸರು, ಹುಡುಗರು ಜೇಮ್ಸ್ ನದಿಯ ದಡದಲ್ಲಿ ಇಳಿದರು. ಒಬ್ಬ ಹೆಂಗಸೂ ಇರಲಿಲ್ಲ. ಅದು ಪೋವ್‌ಹಾಟನ್ ಒಕ್ಕೂಟದವರ ನೆಲ. ಬಂದವರಲ್ಲಿ ನೇಗಿಲು ಹಿಡಿದವರು ಕಡಿಮೆ, ಕೈ ಕೆಸರು ಮಾಡಿಕೊಳ್ಳದ ದೊಡ್ಡ ಮನೆತನದವರು ಬಹಳ. ಚಿನ್ನ ಹುಡುಕಿದರು, ಸಿಗಲಿಲ್ಲ. ಕುಡಿಯೋಕೆ ಉಪ್ಪು ಬೆರೆತ ಜೌಗು ನೀರು, ಜ್ವರ, ಭೇದಿ. 1609-10ರ ಚಳಿಗಾಲದಲ್ಲಿ ಕುದುರೆ, ನಾಯಿ, ಇಲಿ, ಕೊನೆಗೆ ಬೂಟಿನ ಚರ್ಮವನ್ನೂ ತಿಂದರು. ಸತ್ತವರನ್ನೂ ತಿಂದರು ಅನ್ನೋದಕ್ಕೆ ಉತ್ಖನನದಲ್ಲಿ ಮೂಳೆಯ ಸಾಕ್ಷಿ ಸಿಕ್ಕಿದೆ. ವಸಂತ ಬರುವ ಹೊತ್ತಿಗೆ ಕೋಟೆಯಲ್ಲಿ ಉಳಿದಿದ್ದವರು ಸುಮಾರು 60 ಜನ.

ಶಿಷ್ಯ: ಅಷ್ಟು ನಷ್ಟವಾದ ಮೇಲೂ ಕಂಪನಿ ಬಾಗಿಲು ಹಾಕಲಿಲ್ಲವೆ?

ಮೇಷ್ಟ್ರು: ಹೊಗೆಸೊಪ್ಪು ಅದನ್ನು ಉಳಿಸಿತು. ಜಾನ್ ರಾಲ್ಫ್ ಅನ್ನುವವನು 1612ರ ಹೊತ್ತಿಗೆ ದಕ್ಷಿಣದ ಸ್ಪ್ಯಾನಿಷ್ ಸೀಮೆಯ ಒಳ್ಳೇ ತಳಿಯನ್ನು ಬೆಳೆದು ನೋಡಿದ. 1617ರಲ್ಲಿ ಇಂಗ್ಲೆಂಡಿಗೆ ಹೋದ ಸೊಪ್ಪಿನ ತೂಕ ಸುಮಾರು 20,000 ಪೌಂಡ್. ಜೇಮ್ಸ್‌ಟೌನಿನ ಬೀದಿಯಲ್ಲೂ ಹೊಗೆಸೊಪ್ಪು ನೆಟ್ಟಿದ್ದರಂತೆ. ನಾಣ್ಯ ಇರಲಿಲ್ಲವಲ್ಲ, ಪಾದ್ರಿಯ ಸಂಬಳವನ್ನೂ ಕೋರ್ಟಿನ ದಂಡವನ್ನೂ ಹೊಗೆಸೊಪ್ಪಿನಲ್ಲೇ ತೂಗಿ ಕೊಡುತ್ತಿದ್ದರು. ಆದರೆ ಆ ಬೆಳೆಗೆ ಆಳು ಬಹಳ ಬೇಕು. ಅದಕ್ಕೇ 1618ರಲ್ಲಿ ಕಂಪನಿ ಒಂದು ನಿಯಮ ಮಾಡಿತು: ಸ್ವಂತ ಖರ್ಚಿನಲ್ಲಿ ಆಳು ಕರೆಸಿದವನಿಗೆ ತಲೆಗೆ 50 ಎಕರೆ. ಹಡಗಿನ ಖರ್ಚು ಕೊಡಲಾಗದ ಇಂಗ್ಲೆಂಡಿನ ಬಡವರು ನಾಲ್ಕೋ ಏಳೋ ವರ್ಷ ದುಡಿಯುತ್ತೇವೆ ಅಂತ ಪತ್ರ ಬರೆದುಕೊಟ್ಟು ಬಂದರು. 1635ರ ಒಂದು ಭೂದಾಖಲೆಯಲ್ಲಿ ಹೀಗೆ ಎಣಿಸಿದ ತಲೆಗಳ ನಡುವೆ ‘ಟೋನಿ, ಈಸ್ಟ್ ಇಂಡಿಯನ್’ ಅನ್ನುವ ಹೆಸರಿದೆ. ನಮ್ಮ ಕಡೆಯ ಸಮುದ್ರದಿಂದ ಹೋದವನೊಬ್ಬ ಅಲ್ಲಿ ಯಾರದೋ 50 ಎಕರೆಯ ಲೆಕ್ಕವಾಗಿದ್ದ.

ಶಿಷ್ಯ: ಆಳುಗಳಾಯಿತು. ಆಳ್ವಿಕೆ ಎಲ್ಲಿಂದ ಬಂತು?

ಮೇಷ್ಟ್ರು: ಅದೂ ಆಳು ಕರೆಸುವ ಉಪಾಯದಿಂದಲೇ. ಅಲ್ಲಿವರೆಗೆ ಸೈನ್ಯದ ಕಟ್ಟಳೆ ನಡೆಯುತ್ತಿತ್ತು, ತಪ್ಪಿದರೆ ಚಾಟಿ, ಗಲ್ಲು. ಅಂಥ ಊರಿಗೆ ಯಾರು ಬರ್ತಾರೆ? ನಿಮ್ಮ ಮಾತಿಗೂ ಬೆಲೆ ಕೊಡ್ತೀವಿ ಅಂತ ಕಂಪನಿ ಹೇಳಬೇಕಾಯಿತು. 1619ರ ಜುಲೈ 30ರಂದು ಜೇಮ್ಸ್‌ಟೌನಿನ ಮರದ ಚರ್ಚಿನಲ್ಲಿ 22 ಜನ ಚುನಾಯಿತ ಪ್ರತಿನಿಧಿಗಳು ಸೇರಿದರು. ಸುಡು ಬೇಸಿಗೆ. ಆರು ದಿನದಲ್ಲಿ ಸಭೆ ಮುಗಿಯಿತು, ಅಷ್ಟರಲ್ಲೇ ಒಬ್ಬ ಪ್ರತಿನಿಧಿ ಸತ್ತೂ ಹೋದ. ಅವರು ಮಾಡಿದ ಕಟ್ಟಳೆಗಳನ್ನು ನೋಡು: ಒಳ್ಳೇ ಹೊಗೆಸೊಪ್ಪಿಗೆ ಪೌಂಡಿಗೆ 3 ಷಿಲಿಂಗ್, ಎರಡನೇ ದರ್ಜೆಗೆ 18 ಪೆನ್ನಿ, ಭಾನುವಾರ ಎಲ್ಲರೂ ಚರ್ಚಿಗೆ ಬರಬೇಕು, ಜೂಜಿಗೆ, ಕುಡಿತಕ್ಕೆ ಶಿಕ್ಷೆ. ವ್ಯಾಪಾರ, ಧರ್ಮ, ಆಡಳಿತ ಮೂರೂ ಒಂದೇ ಹಾಳೆಯ ಮೇಲಿದ್ದವು.

ಶಿಷ್ಯ: ಒಳ್ಳೇ ಆರಂಭವೇ.

ಮೇಷ್ಟ್ರು: ಅದೇ ಆಗಸ್ಟ್ ತಿಂಗಳ ಕೊನೆಗೆ ‘ವೈಟ್ ಲಯನ್’ ಅನ್ನುವ ಹಡಗು ಬಂತು. ಪೋರ್ಚುಗೀಸರ ಗುಲಾಮ ಹಡಗಿನಿಂದ ದೋಚಿದ ಇಪ್ಪತ್ತಕ್ಕೂ ಹೆಚ್ಚು ಅಂಗೋಲಾದ ಜನರನ್ನು ಇಳಿಸಿ, ಬದಲಿಗೆ ಆಹಾರ ಸಾಮಗ್ರಿ ತುಂಬಿಕೊಂಡು ಹೋಯಿತು. ಅವರನ್ನು ಕೊಂಡವರಲ್ಲಿ ಆ ಸಭೆ ಕರೆದಿದ್ದ ಗವರ್ನರ್ ಜಾರ್ಜ್ ಯಾರ್ಡ್ಲಿಯೂ ಇದ್ದ. ಸಭೆ ಎದ್ದು ಇನ್ನೂ ತಿಂಗಳಾಗಿರಲಿಲ್ಲ.

ಶಿಷ್ಯ: ಮೇಫ್ಲವರ್ ಹಡಗು ಬಂದದ್ದು ಅದರ ಮರುವರ್ಷ ಅಲ್ಲವೆ? ಅವರಂತೂ ಧರ್ಮಕ್ಕಾಗಿಯೇ ಬಂದವರು.

ಮೇಷ್ಟ್ರು: ಹೌದು, ಆದರೆ ಲಂಡನ್ನಿನ ವರ್ತಕರ ಬಂಡವಾಳದಲ್ಲಿ. 1620ರಲ್ಲಿ 102 ಜನ ಹೊರಟರು. ಅವರ ಅನುಮತಿ ಪತ್ರ ಇದ್ದದ್ದು ದಕ್ಷಿಣದ ಸೀಮೆಗೆ, ಹಡಗು ಮುಟ್ಟಿದ್ದು ಉತ್ತರದ ದಡಕ್ಕೆ. ಪತ್ರವೇ ನಡೆಯದ ಕಡೆ ನಿಮ್ಮ ಮಾತು ಯಾಕೆ ಕೇಳಬೇಕು ಅಂತ ಕೆಲವರು ಗೊಣಗಿದರು. ಅದಕ್ಕೇ ಹಡಗಿನಲ್ಲೇ ಕೂತು ಒಪ್ಪಂದ ಬರೆದು 41 ಗಂಡಸರು ಸಹಿ ಹಾಕಿದರು. ಇಳಿದದ್ದು ಪಟುಕ್ಸೆಟ್ ಅನ್ನುವ ಊರಿನ ನೆಲಕ್ಕೆ. ಬಿಳಿಯರ ಹಡಗುಗಳ ಮೂಲಕ ಬಂದ ರೋಗಕ್ಕೆ ಆ ಊರು ಕೆಲವೇ ವರ್ಷದ ಹಿಂದೆ ಬರಿದಾಗಿತ್ತು. ಮೊದಲ ಚಳಿಗಾಲದಲ್ಲಿ ಇವರಲ್ಲೂ ಅರ್ಧ ಜನ ಸತ್ತರು. ವರ್ತಕರ ಸಾಲ ತೀರಿಸೋಕೆ ಇಪ್ಪತ್ತು ವರ್ಷದ ಮೇಲೆ ಹಿಡಿಯಿತು.

ಶಿಷ್ಯ: ಸನ್ನದು ಯಾವ ದಡದಲ್ಲಿತ್ತು ಅಂತ ಕೇಳಿದಿರಲ್ಲ?

ಮೇಷ್ಟ್ರು: ಅಲ್ಲಿಗೇ ಬಂದೆ. 1629ರ ಮಾರ್ಚ್‌ನಲ್ಲಿ ಚಾರ್ಲ್ಸ್ ದೊರೆ ಮ್ಯಾಸಚೂಸೆಟ್ಸ್ ಬೇ ಕಂಪನಿಗೆ ಸನ್ನದು ಕೊಟ್ಟ. ಒಬ್ಬ ಗವರ್ನರ್, ಒಬ್ಬ ಉಪ ಗವರ್ನರ್, 18 ಸಹಾಯಕರು, ಮಿಕ್ಕ ಸದಸ್ಯರು. ವರ್ಷಕ್ಕೆ ನಾಲ್ಕು ಸಲ ಮಹಾಸಭೆ. ಎಲ್ಲ ಕಂಪನಿಗಳ ಹಾಗೇ. ಆದರೆ ಆ ಮಹಾಸಭೆ ಎಲ್ಲಿ ಸೇರಬೇಕು ಅಂತ ಸನ್ನದಿನಲ್ಲಿ ಬರೆದಿರಲಿಲ್ಲ. ಆ ವರ್ಷ ಆಗಸ್ಟ್‌ನಲ್ಲಿ ಪ್ಯೂರಿಟನ್ ಪಂಥದ 12 ಜನ ಕೇಂಬ್ರಿಡ್ಜ್‌ನಲ್ಲಿ ಸೇರಿ ತೀರ್ಮಾನಿಸಿದರು: ಸನ್ನದೂ ಆಡಳಿತವೂ ನಮ್ಮ ಜೊತೆ ಬರುವುದಾದರೆ ಮಾತ್ರ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತೇವೆ. ಕಂಪನಿ ಒಪ್ಪಿತು. 1630ರಲ್ಲಿ ಜಾನ್ ವಿಂತ್ರಾಪ್ ಸನ್ನದನ್ನು ಹಡಗಿನಲ್ಲಿಟ್ಟುಕೊಂಡು ಹೊರಟ. ಆ ವರ್ಷ ಸುಮಾರು ಸಾವಿರ ಜನ ದಾಟಿದರು.

ಶಿಷ್ಯ: ಅಂದರೆ ನಮ್ಮ ಸೊಸೈಟಿಯವರು ಬೈಲಾ, ಮಿನಿಟ್ಸ್ ಪುಸ್ತಕ, ಸೀಲು ಎಲ್ಲ ಹೊತ್ತುಕೊಂಡು ಹೋಗಿ ಒಂದು ಕಾಡಿನಲ್ಲಿ ವಾರ್ಷಿಕ ಮಹಾಸಭೆ ಕರೆದ ಹಾಗೆ. ಅಲ್ಲಿರೋದು ಸದಸ್ಯರೇ ಆದ್ದರಿಂದ ಸಂಘದ ಸಭೆಯೇ ಊರಿನ ಸರ್ಕಾರ!

ಮೇಷ್ಟ್ರು: ಸರಿಯಾಗಿ ಹಿಡಿದೆ. ಆ ಮಹಾಸಭೆಗೆ ಜನರಲ್ ಕೋರ್ಟ್ ಅಂತಿದ್ದರು. ಮ್ಯಾಸಚೂಸೆಟ್ಸ್ ರಾಜ್ಯದ ಶಾಸನಸಭೆಗೆ ಇವತ್ತಿಗೂ ಅದೇ ಅಧಿಕೃತ ಹೆಸರು. ಈಸ್ಟ್ ಇಂಡಿಯಾ ಕಂಪನಿಯ ಷೇರುದಾರರೂ ಜನರಲ್ ಕೋರ್ಟ್ ಸೇರುತ್ತಿದ್ದರು, ಆದರೆ ಲಂಡನ್ನಿನಲ್ಲಿ. ಬಾಸ್ಟನ್ನಿನಲ್ಲಿ ಆಳುವವರೂ ಆಳಿಸಿಕೊಳ್ಳುವವರೂ ಒಂದೇ ಬೀದಿಯವರು. ಮದರಾಸಿನ ನೇಕಾರನಿಗೆ ಲಂಡನ್ನಿನ ಸಭೆಯಲ್ಲಿ ಷೇರೂ ಇಲ್ಲ, ಮಾತೂ ಇಲ್ಲ.

ಶಿಷ್ಯ: ಒಂದೇ ಬೀದಿಯವರಾದ ಮಾತ್ರಕ್ಕೆ ಕುರ್ಚಿಯಲ್ಲಿ ಕೂತವರು ಅಧಿಕಾರ ಬಿಟ್ಟುಕೊಡ್ತಾರೆಯೆ? ನಾನೂ ಒಬ್ಬ ಡೈರೆಕ್ಟರು, ನನಗೆ ಹೇಳಬೇಡಿ.

ಮೇಷ್ಟ್ರು: ಬಿಡಲಿಲ್ಲ, ಬಿಡಿಸಿದರು. ವಿಂತ್ರಾಪ್ ಮತ್ತು ಅವನ ಸಹಾಯಕರು ಕಾನೂನು, ತೆರಿಗೆ ಎಲ್ಲ ತಮ್ಮಲ್ಲೇ ತೀರ್ಮಾನಿಸುತ್ತಿದ್ದರು. 1632ರಲ್ಲಿ ವಾಟರ್‌ಟೌನ್ ಊರಿನವರು ತಕರಾರು ತೆಗೆದರು: ನಮ್ಮನ್ನು ಕೇಳದೆ ಹಾಕಿದ ತೆರಿಗೆ ಕೊಟ್ಟರೆ ನಾವೂ ನಮ್ಮ ಮಕ್ಕಳೂ ದಾಸರಾಗುತ್ತೇವೆ. ವಿಂತ್ರಾಪ್ ಅವರನ್ನು ಗದರಿಸಿ ಕಳಿಸಿದ. ಆದರೂ ತೆರಿಗೆ ವಿಚಾರಕ್ಕೆ ಪ್ರತಿ ಊರಿನಿಂದ ಇಬ್ಬರನ್ನು ಕರೆಯುವುದು ಆಗಲೇ ಶುರುವಾಯಿತು. 1634ರಲ್ಲಿ ಊರುಗಳ ಪ್ರತಿನಿಧಿಗಳು ನೇರವಾಗಿ ಕೇಳಿದರು: ಸನ್ನದು ತೋರಿಸಿ. ಓದಿ ನೋಡಿದರೆ ಕಾನೂನು ಮಾಡುವ ಅಧಿಕಾರ ಇಡೀ ಮಹಾಸಭೆಗೆ ಸೇರಿದ್ದು! ಆ ಸಲ ಚೀಟಿ ಹಾಕಿ ಚುನಾವಣೆ ಮಾಡಿದರು, ವಿಂತ್ರಾಪ್‌ನನ್ನು ಇಳಿಸಿ ಥಾಮಸ್ ಡಡ್ಲಿಯನ್ನು ಕೂರಿಸಿದರು. ಹೋಗುವ ಮುಂಚೆ ನಾಲ್ಕು ವರ್ಷದ ಖರ್ಚಿನ ಲೆಕ್ಕ ಕೊಡು ಅಂತಲೂ ಕೇಳಿದರು. ಅವನು ಕೊಟ್ಟ. ಸ್ವಂತ ದುಡ್ಡೇ ಬಹಳ ಹೋಗಿತ್ತು.

ಶಿಷ್ಯ: ನನಗೆ ಆ ಊರಿನವರ ಮೇಲೆ ಈಗ ಗೌರವ ಬಂತು. ಮೊಳೆ ವಿಚಾರ?

ಮೇಷ್ಟ್ರು: ರಾಬರ್ಟ್ ಕೇನ್ ಅಂತ. ವಿಂಡ್ಸರ್‌ನ ಕಟುಕನ ಮಗ, ಲಂಡನ್ನಿನಲ್ಲಿ ವ್ಯಾಪಾರ ಮಾಡಿ ಸ್ಥಿತಿವಂತನಾಗಿ 1635ರಲ್ಲಿ ಬಾಸ್ಟನ್ನಿಗೆ ಬಂದ. ದೊಡ್ಡ ಭಕ್ತ, ಪ್ರವಚನಕ್ಕೆ ಹೋದರೆ ನೋಟು ಬರೆದುಕೊಳ್ಳುತ್ತಿದ್ದ. ಬಾಸ್ಟನ್ ಚರ್ಚಿನ ಪಾದ್ರಿ ಜಾನ್ ವಿಲ್ಸನ್ ಅವನ ಷಡ್ಡಕ. ಅಂಗಡಿಯಲ್ಲಿ ಮೊಳೆ, ಗುಂಡಿ, ಕುದುರೆಯ ಕಡಿವಾಣ, ಹೀಗೆ ಇಂಗ್ಲೆಂಡಿನಿಂದ ಬಂದ ಸಾಮಾನು. 1639ರಲ್ಲಿ ಅವನ ಮೇಲೆ ಜನರಲ್ ಕೋರ್ಟಿಗೆ ದೂರು ಹೋಯಿತು: ಲಾಭ ಅತಿಯಾಯಿತು.

ಶಿಷ್ಯ: ಎಷ್ಟಂತೆ?

ಮೇಷ್ಟ್ರು: ಷಿಲಿಂಗಿಗೆ 12 ಪೆನ್ನಿ. ಕೆಲವು ಸಾಮಾನಿಗೆ ಷಿಲಿಂಗಿನ ಮೇಲೆ 6 ಪೆನ್ನಿಗಿಂತ ಹೆಚ್ಚು ಲಾಭ, ಕೆಲವಕ್ಕೆ 8 ಪೆನ್ನಿಗಿಂತ ಹೆಚ್ಚು, ಕೆಲವು ಸಣ್ಣಪುಟ್ಟವಕ್ಕೆ ಒಂದಕ್ಕೆ ಎರಡಕ್ಕಿಂತ ಹೆಚ್ಚು.

ಶಿಷ್ಯ: ನೂರಕ್ಕೆ ಐವತ್ತು, ಅರವತ್ತಾರು, ನೂರು. ಅಲ್ಲ ಮೇಷ್ಟ್ರೇ, ತಿಂಗಳುಗಟ್ಟಲೆ ಹಡಗಿನಲ್ಲಿ ಬರುವ ಮಾಲು. ಉಪ್ಪುಗಾಳಿಗೆ ಮೊಳೆ ತುಕ್ಕು ಹಿಡಿಯುತ್ತೆ. ಒಂದು ಹಡಗು ಮುಳುಗಿದರೆ ಬಂಡವಾಳವೇ ಹೋಯಿತು. ಮೇಲೆ ಎಲ್ಲರಿಗೂ ಉದ್ದರಿ ಬೇರೆ ಕೊಟ್ಟಿರ್ತಾನೆ. ಇದು ದರೋಡೆಯೇನಲ್ಲ.

ಮೇಷ್ಟ್ರು: ಆಗ ನೀನಿದ್ದಿದ್ದರೆ ಅವನಿಗೆ ಒಳ್ಳೇ ವಕೀಲನಾಗುತ್ತಿದ್ದೆ. ಅವನೂ ಇದನ್ನೇ ವಾದಿಸಿದ. ಇಷ್ಟೇ ಲಾಭ ತೆಗೆಯಬೇಕು ಅಂತ ಕಾನೂನೂ ಇರಲಿಲ್ಲ. ಆದರೂ ಊರುಗಳ ಪ್ರತಿನಿಧಿಗಳು 200 ಪೌಂಡ್ ದಂಡ ಹಾಕಬೇಕು ಅಂತ ಪಟ್ಟು ಹಿಡಿದರು, ಸಹಾಯಕರು ಅಷ್ಟು ಬೇಡ ಅಂದರು. ಕೊನೆಗೆ ಅದು 80 ಪೌಂಡಿಗೆ ಇಳಿಯಿತು. ನಾಣ್ಯದ ಬರ ಇದ್ದ ಊರಲ್ಲಿ ಅದೂ ಸಣ್ಣ ದುಡ್ಡಲ್ಲ. ಅಲ್ಲಿ ಚಿಲ್ಲರೆಗೆ ಬಂದೂಕಿನ ಗುಂಡು ನಡೆಯುತ್ತಿತ್ತು, ಗೊತ್ತೆ? ಒಂದು ಗುಂಡಿಗೆ ಕಾಲು ಪೆನ್ನಿ ಅಂತ 1635ರಲ್ಲಿ ಕೋರ್ಟೇ ಬೆಲೆ ಕಟ್ಟಿತ್ತು. ಮೂಲನಿವಾಸಿಗಳು ಕೊರೆದು ಮಾಡುತ್ತಿದ್ದ ಕಪ್ಪೆಚಿಪ್ಪಿನ ಮಣಿಯೂ ನಡೆಯಿತು, ಮುಸುಕಿನ ಜೋಳವೂ ನಡೆಯಿತು.

ಶಿಷ್ಯ: ಚರ್ಚಿನವರು ಏನಂದರು? ಪಾದ್ರಿ ಷಡ್ಡಕ ಅಂದಿರಿ.

ಮೇಷ್ಟ್ರು: ಷಡ್ಡಕ ಅಂತ ಬಿಡಲಿಲ್ಲ. ಸಭೆಯ ಮುಂದೆ ನಿಲ್ಲಿಸಿ ಛೀಮಾರಿ ಹಾಕಿದರು, ಅವನು ಅತ್ತುಕೊಂಡು ತಪ್ಪೊಪ್ಪಿಕೊಂಡ. ಇನ್ನೊಬ್ಬ ಪಾದ್ರಿ ಜಾನ್ ಕಾಟನ್ ಆ ನೆಪದಲ್ಲಿ ವ್ಯಾಪಾರದ ಧರ್ಮವನ್ನೇ ಉಪದೇಶಿಸಿದ. ಆದಷ್ಟು ಅಗ್ಗವಾಗಿ ಕೊಂಡು ಆದಷ್ಟು ದುಬಾರಿಯಾಗಿ ಮಾರಬಹುದು ಅನ್ನುವುದು ಅಧರ್ಮ. ಸಮುದ್ರದಲ್ಲಿ ಅರ್ಧ ಮಾಲು ಹೋಯಿತು ಅಂತ ಉಳಿದರ್ಧದ ಬೆಲೆ ಏರಿಸುವುದೂ ಅಧರ್ಮ, ಆ ನಷ್ಟ ದೇವರು ನಿನಗೆ ಕೊಟ್ಟದ್ದು, ನೀನೇ ಹೊರಬೇಕು. ಆದರೆ ಊರಿಗೇ ಮಾಲಿನ ಅಭಾವ ಬಂದರೆ ಬೆಲೆ ಏರಿಸಬಹುದು; ಆಗ ದೇವರ ಕೈ ಬಿದ್ದಿರುವುದು ಮಾಲಿನ ಮೇಲೆ, ವ್ಯಾಪಾರಿಯ ಮೇಲಲ್ಲ.

ಶಿಷ್ಯ: ಅಭಾವ ದೇವರು ತಂದದ್ದೋ ಗೋದಾಮಿನ ಬೀಗ ತಂದದ್ದೋ ಅಂತ ಯಾರು ನೋಡಬೇಕು? ಪಾದ್ರಿಗಳು ನಮಗೂ ಒಂದು ಕಿಂಡಿ ಬಿಟ್ಟಿದ್ದಾರೆ ಬಿಡಿ.

ಮೇಷ್ಟ್ರು: ಆ ಕಿಂಡಿಯೇ ಮುಂದೆ ಹೆಬ್ಬಾಗಿಲಾಯಿತು. ಆದರೆ ಜನರ ಸಿಟ್ಟು ಆರಲಿಲ್ಲ. ಅದು ಹೊರಬಿದ್ದದ್ದು ಒಂದು ಹಂದಿಯ ಮೂಲಕ. 1636ರಲ್ಲಿ ಬೀದಿ ಅಲೆಯುತ್ತಿದ್ದ ಹೆಣ್ಣು ಹಂದಿಯೊಂದು ಕೇನ್‌ನ ಹಿತ್ತಲು ಸೇರಿತ್ತು. ಯಾರದು ಅಂತ ಡಂಗುರ ಸಾರಿಸಿದ, ಬಹಳ ದಿನ ಯಾರೂ ಬರಲಿಲ್ಲ. ಅವನದೇ ಇನ್ನೊಂದು ಹಂದಿ ಇತ್ತು, ಅದನ್ನು ಕಡಿಸಿದ. ಆಮೇಲೆ ಶೆರ್ಮನ್ ಅನ್ನುವ ಬಡ ಹೆಂಗಸು ಬಂದು, ನೀನು ಕಡಿಸಿದ್ದು ನನ್ನ ಹಂದಿ ಅಂದಳು. ಚರ್ಚು ವಿಚಾರಿಸಿ ಕೇನ್‌ನದು ತಪ್ಪಿಲ್ಲ ಅಂದಿತು. ಜ್ಯೂರಿಯೂ ಹಾಗೇ ಹೇಳಿತು. ಕೇನ್ ಸುಮ್ಮನಿರಬಾರದಿತ್ತೆ? ಮಾನನಷ್ಟದ ದಾವೆ ಹೂಡಿ 20 ಪೌಂಡ್ ಡಿಕ್ರಿ ಮಾಡಿಸಿಕೊಂಡ. ಅವಳು 1642ರಲ್ಲಿ ಜನರಲ್ ಕೋರ್ಟಿಗೇ ಹೋದಳು.

ಶಿಷ್ಯ: ಒಂದು ಹಂದಿಗೆ ಶಾಸನಸಭೆಯೇ ಕೂತಿತೆ?

ಮೇಷ್ಟ್ರು: ಹೆಚ್ಚುಕಡಿಮೆ ಏಳು ದಿನ. ಆಗ ಸಹಾಯಕರು, ಊರಿನ ಪ್ರತಿನಿಧಿಗಳು ಎಲ್ಲ ಒಂದೇ ಕೋಣೆಯಲ್ಲಿ. ಹೆಂಗಸಿನ ಪರ ಇಬ್ಬರು ಸಹಾಯಕರು, 15 ಪ್ರತಿನಿಧಿಗಳು. ಕೇನ್‌ನ ಪರ ಏಳು ಸಹಾಯಕರು, ಎಂಟು ಪ್ರತಿನಿಧಿಗಳು. ಮಿಕ್ಕ ಏಳು ಪ್ರತಿನಿಧಿಗಳು ಯಾವ ಕಡೆಗೂ ಇಲ್ಲ.

ಶಿಷ್ಯ: ತಲೆ ಎಣಿಸಿದರೆ ಅವಳಿಗೆ 17, ಅವನಿಗೆ 15. ಅವಳು ಗೆದ್ದಳು.

ಮೇಷ್ಟ್ರು: ಗೆಲ್ಲಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಒಪ್ಪದೆ ತೀರ್ಪು ಇಲ್ಲ ಅಂತ ಸಹಾಯಕರು ಕೂತರು. ನೀವು ಒಂಬತ್ತು ಜನ ನಮ್ಮೆಲ್ಲರ ಮಾತು ತಳ್ಳಿಹಾಕೋಕೆ ಯಾರು ಅಂತ ಪ್ರತಿನಿಧಿಗಳು ಕೇಳಿದರು. ಎರಡು ವರ್ಷ ಈ ಜಗಳ ನಡೆದು, 1644ರಲ್ಲಿ ಎರಡು ಗುಂಪೂ ಬೇರೆ ಬೇರೆ ಕೂರುವುದು, ಇಬ್ಬರೂ ಒಪ್ಪಿದರೆ ಮಾತ್ರ ಕಾನೂನು ಅಂತಾಯಿತು. ಮ್ಯಾಸಚೂಸೆಟ್ಸ್‌ನಲ್ಲಿ ಎರಡು ಸದನ ಹುಟ್ಟಿದ್ದು ಹೀಗೆ. ಹಂದಿ ಒಂದು ನೆಪ ಅಷ್ಟೆ. ದುಬಾರಿ ಮಾರುವವನು ಅಂತ ಕೇನ್‌ನ ಮೇಲಿದ್ದ ಸಿಟ್ಟೇ ಜನರನ್ನು ಅವಳ ಕಡೆ ನಿಲ್ಲಿಸಿತು ಅಂತ ವಿಂತ್ರಾಪ್ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ.

ಶಿಷ್ಯ: ಪಾಪ, ಕೇನ್ ಊರು ಬಿಟ್ಟನೆ?

ಮೇಷ್ಟ್ರು: ಇಲ್ಲ. 1653ರಲ್ಲಿ ಉಯಿಲು ಬರೆಯೋಕೆ ಕೂತ. ಬಾಸ್ಟನ್ನಿನ ದಾಖಲೆ ಪುಸ್ತಕದಲ್ಲಿ ಅದು 158 ಪುಟ! ಆಸ್ತಿ ಹಂಚಿಕೆ ಸ್ವಲ್ಪ, ತನಗಾದ ಅನ್ಯಾಯದ ವಾದ ಬಹಳ. ಯಾವ ಮೊಳೆ ಎಷ್ಟಕ್ಕೆ ಮಾರಿದೆ, ಲೆಕ್ಕ ಪುಸ್ತಕ ಹೇಗೆ ಇಟ್ಟೆ, ಎಲ್ಲ ಬರೆದ. ಅದೇ ಉಯಿಲಿನಲ್ಲಿ ಊರಿಗೆ ಒಂದು ಕಟ್ಟಡ ಕಟ್ಟಿಸೋಕೆ 300 ಪೌಂಡ್ ಬಿಟ್ಟ. ಅವನು 1656ರಲ್ಲಿ ತೀರಿಕೊಂಡ. ಎರಡು ವರ್ಷದಲ್ಲಿ ಬಾಸ್ಟನ್ ಟೌನ್ ಹೌಸ್ ಎದ್ದಿತು. ಮರದ ಕಂಬಗಳ ಮೇಲೆ ನಿಂತ ಕಟ್ಟಡ. ಕೆಳಗೆ ಸಂತೆಕಟ್ಟೆ, ಮೇಲೆ ಕೋರ್ಟೂ ಸಭೆಯೂ.

ಶಿಷ್ಯ: ಸಂತೆಗೆ ಯಾರು ಬೇಕಾದರೂ ಬರಬಹುದು. ಮಹಡಿ ಹತ್ತೋಕೆ ಯಾರಿಗೆ ಹಕ್ಕಿತ್ತು?

ಮೇಷ್ಟ್ರು: ವ್ಯಾಪಾರಿ ಕಣ್ಣು ನೋಡು ನಿನ್ನದು! 1631ರಲ್ಲೇ ನಿಯಮ ಮಾಡಿದ್ದರು: ಚರ್ಚಿನ ಸದಸ್ಯನಾದ ಗಂಡಸಿಗೆ ಮಾತ್ರ ಕಂಪನಿಯ ಸದಸ್ಯತ್ವ, ಅಂದರೆ ಮತ. ಚರ್ಚಿಗೆ ಸೇರಬೇಕಾದರೆ ದೇವರ ಕೃಪೆ ತನ್ನೊಳಗೆ ಹೇಗೆ ಇಳಿಯಿತು ಅಂತ ಎಲ್ಲರ ಮುಂದೆ ನಿಂತು ಹೇಳಿ ಒಪ್ಪಿಸಬೇಕು. ಭಿನ್ನವಾಗಿ ಮಾತಾಡಿದವರನ್ನು ಗಡಿ ದಾಟಿಸಿದರು. ರೋಜರ್ ವಿಲಿಯಮ್ಸ್ ಅನ್ನುವ ಪಾದ್ರಿ ಸನ್ನದಿನ ಬುಡಕ್ಕೇ ಕೈ ಹಾಕಿದ. ಈ ನೆಲ ಮೂಲನಿವಾಸಿಗಳದ್ದು, ತನ್ನದಲ್ಲದ್ದನ್ನು ದೊರೆ ಹೇಗೆ ಕೊಟ್ಟ ಅಂದ. ನಂಬಿಕೆಯ ವಿಚಾರದಲ್ಲಿ ಅಧಿಕಾರಿಗಳು ಶಿಕ್ಷೆ ಕೊಡಬಾರದು ಅಂತಲೂ ಅಂದ. 1635ರಲ್ಲಿ ಗಡಿಪಾರು. ಮರುವರ್ಷ ನರಗಾನ್ಸೆಟ್ ಮುಖಂಡರಿಂದ ನೆಲ ಪಡೆದು ಪ್ರಾವಿಡೆನ್ಸ್ ಊರು ಕಟ್ಟಿದ. ಆ್ಯನ್ ಹಚಿನ್‌ಸನ್ ಮನೆಯಲ್ಲಿ ಹೆಂಗಸರನ್ನು ಕೂರಿಸಿಕೊಂಡು ಪಾದ್ರಿಗಳ ಪ್ರವಚನದ ಮೇಲೆ ಚರ್ಚೆ ಮಾಡುತ್ತಿದ್ದಳು. 1637ರಲ್ಲಿ ಅವಳ ವಿಚಾರಣೆ, ಗಡಿಪಾರು. 1660ರಲ್ಲಿ ಕ್ವೇಕರ್ ಪಂಥದ ಮೇರಿ ಡೈಯರ್‌ಗೆ ಬಾಸ್ಟನ್ನಿನಲ್ಲೇ ಗಲ್ಲು.

ಶಿಷ್ಯ: ತಮ್ಮ ಧರ್ಮಕ್ಕೆ ಜಾಗ ಹುಡುಕಿಕೊಂಡು ಬಂದವರು!

ಮೇಷ್ಟ್ರು: ತಮ್ಮದಕ್ಕೆ ಹುಡುಕಿದರು, ಎಲ್ಲರದಕ್ಕೆ ಅಲ್ಲ. 1646ರಲ್ಲಿ ರಾಬರ್ಟ್ ಚೈಲ್ಡ್ ಅನ್ನುವವನೂ ಇನ್ನು ಆರು ಜನರೂ ಅರ್ಜಿ ಹಾಕಿದರು: ತೆರಿಗೆ ಕೊಡ್ತೀವಿ, ಚರ್ಚಿನ ಸದಸ್ಯರಲ್ಲ ಅಂತ ಮತ ಇಲ್ಲ, ಇದು ಇಂಗ್ಲಿಷ್ ಪ್ರಜೆಗಳ ಹಕ್ಕಿಗೆ ವಿರುದ್ಧ. ಏಳೂ ಜನರಿಗೆ ಕೋರ್ಟು ದಂಡ ಹಾಕಿತು. ಅವರಲ್ಲೊಬ್ಬ ವರ್ತಕ ಡೇವಿಡ್ ಯೇಲ್.

ಶಿಷ್ಯ: ಯೇಲ್ ವಿಶ್ವವಿದ್ಯಾಲಯದ ಯೇಲೇ? ಈ ಸೀಮೆಗೂ ಅಮೆರಿಕಕ್ಕೂ ಕೊಂಡಿ ಅಂದರೆ ನನಗೆ ಗೊತ್ತಿದ್ದದ್ದು ಕಾರ್ನ್‌ವಾಲಿಸ್ ಒಬ್ಬನೇ. ಯಾರ್ಕ್‌ಟೌನಿನಲ್ಲಿ ಸೋತು, ಆಮೇಲೆ ಶ್ರೀರಂಗಪಟ್ಟಣಕ್ಕೆ ಬಂದವನು.

ಮೇಷ್ಟ್ರು: ಇದು ಅದಕ್ಕೂ ನೂರು ವರ್ಷ ಹಳೆಯದು. ದಂಡ ತೆತ್ತ ಡೇವಿಡ್ ಕುಟುಂಬ ಸಮೇತ ಇಂಗ್ಲೆಂಡಿಗೆ ಮರಳಿದ. 1649ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ್ದ ಅವನ ಮಗ ಎಲಿಹು ದೊಡ್ಡವನಾಗಿ ಈಸ್ಟ್ ಇಂಡಿಯಾ ಕಂಪನಿ ಸೇರಿ, 1687ರಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆದ. ಮದರಾಸಿಗೆ ಮುನ್ಸಿಪಲ್ ಕಾರ್ಪೊರೇಷನ್ ಬಂದದ್ದು ಅವನ ಕಾಲದಲ್ಲಿ, 1688ರಲ್ಲಿ. ಮೇಯರ್ ಇಂಗ್ಲಿಷಿನವ, ಸದಸ್ಯರಲ್ಲಿ ಪೋರ್ಚುಗೀಸ್, ಯಹೂದಿ, ಹಿಂದೂ ವರ್ತಕರೂ ಇದ್ದರು.

ಶಿಷ್ಯ: ಹಾಗಾದರೆ ಇಲ್ಲೂ ಜನರಿಗೆ ಪಾಲು ಕೊಟ್ಟರಲ್ಲ?

ಮೇಷ್ಟ್ರು: ಯಾಕೆ ಕೊಟ್ಟರು ಅಂತ ಕೇಳು. ತಮ್ಮವರೇ ಕೂತು ಹಾಕಿದ ತೆರಿಗೆಯನ್ನು ಜನ ತಕರಾರಿಲ್ಲದೆ ಕೊಡುತ್ತಾರೆ ಅನ್ನೋದು ಲಂಡನ್ನಿನ ಡೈರೆಕ್ಟರುಗಳ ಲೆಕ್ಕ. ವಾಟರ್‌ಟೌನಿನವರು ತೆರಿಗೆಯಿಂದ ಶುರುಮಾಡಿ ಸನ್ನದು ತೋರಿಸಿ ಅನ್ನುವವರೆಗೆ ಹೋದರು. ಮದರಾಸಿನವರಿಗೆ ಬರೀ ತೆರಿಗೆಯ ಕೆಲಸ ಕೊಟ್ಟರು. ತೋರಿಸಿ ಅಂತ ಕೇಳಿದರೂ ಸನ್ನದು ಇದ್ದದ್ದು ಸಮುದ್ರದ ಆಚೆ. ಅದೇ ಎಲಿಹು 1718ರಲ್ಲಿ ಕನೆಕ್ಟಿಕಟ್‌ನ ಒಂದು ಕಾಲೇಜಿಗೆ ಒಂಬತ್ತು ಮೂಟೆ ಸರಕು, 417 ಪುಸ್ತಕ, ದೊರೆಯ ಒಂದು ಚಿತ್ರಪಟ ಕಳಿಸಿದ. ಸರಕು ಮಾರಿ 562 ಪೌಂಡ್ ಬಂತು, ಕಾಲೇಜಿಗೆ ಅವನ ಹೆಸರು ಬಂತು. ಆ ಐಶ್ವರ್ಯ ಅವನಿಗೆ ಕೂಡಿದ್ದು ಮದರಾಸಿನಲ್ಲಿ.

ಶಿಷ್ಯ: ಅಪ್ಪನಿಗೆ ಅಲ್ಲಿ ಮತ ಇರಲಿಲ್ಲ, ಮಗ ಇಲ್ಲಿ ದೊರೆ. ಚರ್ಚಿನ ಆ ನಿಯಮ ಯಾವಾಗ ಹೋಯಿತು?

ಮೇಷ್ಟ್ರು: 1684ರಲ್ಲಿ ಇಂಗ್ಲೆಂಡು ಹಳೇ ಸನ್ನದನ್ನು ರದ್ದು ಮಾಡಿತು. 1691ರಲ್ಲಿ ಹೊಸದು ಬಂತು, ಅದರಲ್ಲಿ ಚರ್ಚಿನ ಬದಲು ಆಸ್ತಿಯನ್ನು ಮತಕ್ಕೆ ಆಧಾರ ಮಾಡಿದರು. ಆದರೆ ಎರಡು ಸದನ ಉಳಿಯಿತು, ಊರೂರಿನ ಸಭೆ ಉಳಿಯಿತು, ಲೆಕ್ಕ ಕೇಳುವ ಚಾಳಿ ಉಳಿಯಿತು. ಇದಕ್ಕೇ ನಾನು ಅದು ರಕ್ತದಲ್ಲಿತ್ತು ಅನ್ನುವ ಮಾತು ಒಪ್ಪದಿರೋದು. ಅರವತ್ತು ವರ್ಷ ತೆರಿಗೆಗೆ, ಮೊಳೆಗೆ, ಹಂದಿಗೆ ಕಾಗದ ಹಿಡಿದು ಜಗಳ ಆಡಿ ಕಲಿತದ್ದು.

ಶಿಷ್ಯ: ನೀವು ಒಂದು ವಿಚಾರ ಹಗುರವಾಗಿ ದಾಟಿಸಿದಿರಿ. ಮಹಡಿ ಹತ್ತದವರು ಇದ್ದರು, ಸರಿ. ಸಂತೆಯಲ್ಲೇ ಮಾಲಾಗಿ ನಿಂತವರು? ಆ ಗುಲಾಮ ಹಡಗು ದಕ್ಷಿಣದ ವರ್ಜೀನಿಯಾಕ್ಕೆ ಬಂದದ್ದು ಅಂದಿರಿ. ಬಾಸ್ಟನ್ನಿನ ಭಕ್ತರ ಕೈ ಶುದ್ಧವೆ?

ಮೇಷ್ಟ್ರು: ಇಲ್ಲ. 1637ರಲ್ಲಿ ಪೀಕ್ವಾಟ್ ಅನ್ನುವ ಮೂಲನಿವಾಸಿ ಜನರ ಮೇಲೆ ಯುದ್ಧ ಮಾಡಿ ಹಳ್ಳಿಯನ್ನೇ ಸುಟ್ಟರು, ಸೆರೆಸಿಕ್ಕವರಲ್ಲಿ ಕೆಲವರನ್ನು ಕೆರಿಬಿಯನ್ ಕಡೆಗೆ ಸಾಗಿಸಿದರು. ‘ಡಿಸೈರ್’ ಅನ್ನುವ ಹಡಗು 1638ರಲ್ಲಿ ಅಲ್ಲಿಂದ ಮರಳುವಾಗ ಹತ್ತಿ, ಹೊಗೆಸೊಪ್ಪು, ಉಪ್ಪಿನ ಜೊತೆ ಆಫ್ರಿಕದವರನ್ನೂ ತಂದಿತು. 1641ರಲ್ಲಿ ಅವರು ಬರೆದ ಕಾನೂನು ಸಂಹಿತೆ ಹೆಸರಾದದ್ದು. ಕಾನೂನಿಲ್ಲದೆ ಯಾರನ್ನೂ ಶಿಕ್ಷಿಸಬಾರದು, ಗಂಡ ಹೆಂಡತಿಯನ್ನು ಹೊಡೆಯಬಾರದು, ಸಾಕುಪ್ರಾಣಿಗಳನ್ನು ಹಿಂಸಿಸಬಾರದು ಅಂತ ಅದರಲ್ಲಿದೆ. ಪ್ರಾಣಿಗಳ ಆ ಕಲಮಿಗೆ ಹಿಂದಿನದೇ ಗುಲಾಮಗಿರಿಯ ಕಲಮು: ಯುದ್ಧದಲ್ಲಿ ಸೆರೆಸಿಕ್ಕವರು, ನಮಗೆ ಮಾರಲ್ಪಟ್ಟ ಪರದೇಶದವರು ಗುಲಾಮರಾಗಬಹುದು.

ಶಿಷ್ಯ: ಬರೆದ ಕಾನೂನಾಗಿಯೇ?

ಮೇಷ್ಟ್ರು: ಬರೆದ ಕಾನೂನಾಗಿಯೇ. ವ್ಯಾಪಾರವೂ ಅದಕ್ಕೇ ಹೆಣೆದುಕೊಂಡಿತು. 1640ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರಾಜಕೀಯ ಬದಲಾಗಿ ಹೊಸಬರು ಬರುವುದು ನಿಂತಿತು. ಬಂದವರಿಗೆ ದನ, ಜೋಳ ಮಾರಿ ಬದುಕುತ್ತಿದ್ದ ಊರು ಅದು. 20 ಪೌಂಡಿಗೆ ಹೋಗುತ್ತಿದ್ದ ಹಸು 5 ಪೌಂಡಿಗೆ ಬಂತು. ಆಗ ಸಮುದ್ರಕ್ಕೆ ತಿರುಗಿದರು. ಕಾಡ್ ಮೀನು ಒಣಗಿಸಿ, ಒಳ್ಳೇದನ್ನು ಸ್ಪೇನಿನ ಕಡೆಯ ಕ್ಯಾಥೊಲಿಕರಿಗೆ ಮಾರಿದರು. ಅವರು ಉಪವಾಸದ ದಿನ ಮಾಂಸ ಬಿಟ್ಟು ಮೀನು ತಿನ್ನುವವರು. ಪೋಪನ ಹೆಸರೆತ್ತಿದರೆ ಉರಿದುಬೀಳುತ್ತಿದ್ದ ಪ್ಯೂರಿಟನ್ನರಿಗೆ ಪೋಪನ ಉಪವಾಸದಿಂದ ಲಾಭ. ಮುರುಕಲು, ಕೆಟ್ಟ ಮೀನು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಕ್ಕೆ ಹೋಯಿತು, ಗುಲಾಮರ ಊಟಕ್ಕೆ. ಅಲ್ಲಿಂದ ಸಕ್ಕರೆ, ಕಾಕಂಬಿ ಬಂತು.

ಶಿಷ್ಯ: ಲಾಭಕ್ಕೆ ಮಿತಿ ಹಾಕಿದ ಊರೇ ಇದು. ಇವರ ಲೆಕ್ಕ ಯಾರೂ ಕೇಳಲೇ ಇಲ್ಲವೆ?

ಮೇಷ್ಟ್ರು: ಕೇಳಿದಳು ಒಬ್ಬಳು. ಬೆಲಿಂಡಾ ಅಂತ. ಆಫ್ರಿಕದಲ್ಲಿ ಹುಟ್ಟಿ ಮಗುವಾಗಿದ್ದಾಗಲೇ ಸೆರೆಸಿಕ್ಕವಳು, ಬಾಸ್ಟನ್ ಪಕ್ಕದ ಮೆಡ್‌ಫರ್ಡ್‌ನಲ್ಲಿ ಐಸಾಕ್ ರಾಯಲ್‌ನ ಮನೆಯಲ್ಲಿ ಸುಮಾರು ಐವತ್ತು ವರ್ಷ ದುಡಿದಳು. ಅವನ ಐಶ್ವರ್ಯ ಆಂಟಿಗ್ವಾ ದ್ವೀಪದ ಸಕ್ಕರೆಯಿಂದ ಬಂದದ್ದು. ಅಮೆರಿಕದ ಕ್ರಾಂತಿ ಶುರುವಾದಾಗ ಅವನು ಇಂಗ್ಲೆಂಡಿಗೆ ಹೋಗಿಬಿಟ್ಟ. 1783ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಅವಳು ಜನರಲ್ ಕೋರ್ಟಿಗೆ ಅರ್ಜಿ ಹಾಕಿದಳು: ಆ ಆಸ್ತಿಯಲ್ಲಿ ನನ್ನ ದುಡಿಮೆಯೂ ಇದೆ, ಅದರಿಂದ ನನಗೂ ನನ್ನ ಕಾಯಿಲೆಯ ಮಗಳಿಗೂ ಜೀವನಾಂಶ ಕೊಡಿ. ಓದುಬರಹ ಬಾರದೆ ಗುರುತು ಹಾಕಿದ್ದಳು. ಆಗ ಕೋರ್ಟು ಕೂಡುತ್ತಿದ್ದದ್ದು ಕೇನ್‌ನ ಟೌನ್ ಹೌಸ್ ಸುಟ್ಟುಹೋದ ಜಾಗದಲ್ಲಿ 1713ರಲ್ಲಿ ಎದ್ದ ಇಟ್ಟಿಗೆ ಕಟ್ಟಡದಲ್ಲಿ. ವರ್ಷಕ್ಕೆ 15 ಪೌಂಡ್ 12 ಷಿಲಿಂಗ್ ಅಂತ ಮಂಜೂರು ಮಾಡಿದರು. ಸ್ವಲ್ಪ ಕಾಲ ಕೊಟ್ಟು ನಿಲ್ಲಿಸಿದರು. ಅವಳು ಮತ್ತೆ ಮತ್ತೆ ಅರ್ಜಿ ಹಾಕಿದಳು.

ಶಿಷ್ಯ: ಮೊಳೆಯಲ್ಲಿ ಲಾಭ ಜಾಸ್ತಿಯಾಯಿತು ಅಂತ 80 ಪೌಂಡ್ ದಂಡ ಹಾಕಿದ ಸಭೆ ಅದು. ಐವತ್ತು ವರ್ಷ ಕೂಲಿ ಕೊಡದವನಿಗೆ ಎಷ್ಟು ಹಾಕಿತು?

ಮೇಷ್ಟ್ರು: ಏನೂ ಹಾಕಲಿಲ್ಲ. ಆಸ್ತಿಯನ್ನೇನೋ ವಶಕ್ಕೆ ತೆಗೆದುಕೊಂಡಿದ್ದರು. ಆದರೆ ಅದು ದೊರೆಯ ದೇಶಕ್ಕೆ ಹೋಗಿ ಕೂತ ತಪ್ಪಿಗೆ, ಕೂಲಿ ಕೊಡದ ತಪ್ಪಿಗಲ್ಲ.